ಜೀಪಿನ ಕಮಾನು ಪಟ್ಟಿಯಿಂದ ವೀರಗಾಸೆ ಕತ್ತಿ

ವೀರಗಾಸೆಗೆ ಕತ್ತಿ ಮಾಡಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಅಲಗಿನ ಮಾತು ಎತ್ತುವ ಮೊದಲು ಹಿಡಿಯ ಮಾತು ಎತ್ತುತ್ತೇನೆ. ಅಂಗಡಿಯ ಹೊಳೆಯುವ ಕತ್ತಿಗಳ ಹಿಡಿ ಬಿಚ್ಚಿ ನೋಡಿದವರು ಕಡಿಮೆ. ನಮ್ಮ ತಂಡದ ಒಂದು ಕತ್ತಿಯ ಹಿಡಿ ಕುಣಿಯುವಾಗಲೇ ಅಲ್ಲಾಡಲು ಶುರುವಾಯಿತು. ಬಿಚ್ಚಿದರೆ ಒಳಗೆ ಅಲಗಿನ ಬುಡಕ್ಕೆ ಒಂದು ಸಣ್ಣ ಸರಳನ್ನು ವೆಲ್ಡಿಂಗ್ ಮಾಡಿ, ಅದರ ಕೊನೆಗೆ ನಟ್ಟು ಹಾಕಿ ಬಿಗಿದಿದ್ದರು ಅಷ್ಟೆ. ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು. ವೀರಗಾಸೆ ಅಂದರೆ ಸುತ್ತ ಜನ, ಎದುರಿಗೇ ಕೂತ ಮಕ್ಕಳು. ಬೀಸುವಾಗ ಹಿಡಿ ಕೈಯಲ್ಲಿ ಉಳಿದು ಅಲಗು ಹಾರಿ ಹೋಗಿದ್ದರೆ ಏನು ಗತಿ? ಆ ಕತ್ತಿಯನ್ನು ಅವತ್ತೇ ಮೂಲೆಗೆ ಹಾಕಿದೆವು.

ಸ್ಟೇನ್‌ಲೆಸ್ ಉಕ್ಕಿನಲ್ಲೇ ಇಂಥ ಅಂಗಡಿ ಕತ್ತಿ ಮಾಡುವುದು. ಆ ಉಕ್ಕು ಕೆಟ್ಟದ್ದು ಅಂತಲ್ಲ. ಅಡುಗೆಮನೆ ಚಾಕುವಿಗೆ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಎರಡು ಅಡಿಗೂ ಜಾಸ್ತಿ ಉದ್ದದ ಅಲಗು ಬಾಗಿ ಮತ್ತೆ ನೆಟ್ಟಗಾಗಬೇಕು. ಆ ಗುಣ ಸ್ಪ್ರಿಂಗ್ ಉಕ್ಕಿಗೆ ಇದೆ, ಅಲಂಕಾರಕ್ಕೆ ಅಂತ ಮಾಡಿದ ತಗಡಿಗೆ ಇಲ್ಲ. ಹಾಗಾಗಿ ಮುಂದಿನ ಶ್ರಾವಣದೊಳಗೆ ನಮ್ಮ ಕಡೆಯ ಕುಲುಮೆಯಲ್ಲೇ ಒಂದು ಮಾಡಿಸೋಣ ಅಂತ ತೀರ್ಮಾನ ಮಾಡಿದೆವು. ನಮ್ಮದು ಹೊಸನಗರ ತಾಲ್ಲೂಕಿನ ಸಣ್ಣ ತಂಡ. ಶ್ರಾವಣ, ಕಾರ್ತಿಕದಲ್ಲಿ ನಮಗೆ ಬಿಡುವೇ ಇರುವುದಿಲ್ಲ.

ಕಬ್ಬಿಣ ಹುಡುಕುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಿಗೆ ಕತ್ತಿಯೂ ಶಸ್ತ್ರವೇ. 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿಯ ಜೊತೆಗೆ, ಮನೆಗೆ ತೋಟಕ್ಕೆ ಬಳಸುವುದನ್ನು ಬಿಟ್ಟು, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳೂ ಇವೆ. ಮಾರಾಟಕ್ಕೆ ಶಸ್ತ್ರ ಮಾಡುವವರಿಗೂ ಪರವಾನಗಿಯ ನಿಯಮ ಇದೆ. ಆದ್ದರಿಂದ ದೇವಸ್ಥಾನದ ಸಮಿತಿಯಿಂದ ಒಂದು ಪತ್ರ ಬರೆಸಿಕೊಂಡು ಠಾಣೆಗೆ ಹೋಗಿ, ಕುಣಿತಕ್ಕೆ ಬಳಸುವ ಮೊಂಡು ಬಾಯಿಯ ಕತ್ತಿ ಮಾಡಿಸುತ್ತಿದ್ದೇವೆ ಅಂತ ಹೇಳಿ ಬಂದೆವು. ಅಲ್ಲಿ ಹೂಂ ಅಂದ ಮೇಲೆಯೇ ಕಮ್ಮಾರರು ಕೆಲಸಕ್ಕೆ ಕೈ ಹಾಕಿದರು. ನೀವೂ ಹಾಗೇ ಮಾಡಿ. ಹರಿತ ನಮಗೆ ಬೇಕಾಗಿಯೂ ಇಲ್ಲ, ಬಾಯಿ ಎರಡು ಮಿಲಿಮೀಟರ್ ದಪ್ಪ ಇದ್ದು ದುಂಡಗಿದ್ದರೆ ಸಾಕು.

ಕಮ್ಮಾರರು ರಿಪ್ಪನ್‌ಪೇಟೆ ಕಡೆಯವರು, ವಯಸ್ಸಾದವರು. ನಾವೆಲ್ಲ ಆಚಾರ್ರೇ ಅಂತಲೇ ಕರೆಯುವುದು. ದಿನಾ ಮಾಡುವ ಕೆಲಸ ಕುಡುಗೋಲು, ಸೊಪ್ಪಿನ ಕತ್ತಿ, ಗುದ್ದಲಿ, ಹಾರೆಯ ಮೂತಿ ತಟ್ಟುವುದು. ನಾನು ಫೋನಿನಲ್ಲಿ ಹತ್ತಾರು ಫೋಟೋ ಇಟ್ಟುಕೊಂಡು ಹೋಗಿದ್ದೆ. ಅವರು ಒಂದೆರಡು ನೋಡಿ ಫೋನು ವಾಪಸ್ ಕೊಟ್ಟರು.

"ಇದೆಲ್ಲ ಸರಿ ತಮ್ಮಾ, ನೀನು ಇದನ್ನ ಹಿಡ್ಕೊಂಡು ಏನ್ ಮಾಡ್ತೀಯ? ಅದನ್ನ ತೋರ್ಸು ಮೊದ್ಲು."

ಕುಲುಮೆ ಮುಂದಿನ ಅಂಗಳದಲ್ಲೇ ಒಂದು ಕೋಲು ಹಿಡಿದು ಕುಣಿದು ತೋರಿಸಿದೆ. ಮಣಿಕಟ್ಟು ತಿರುಗಿಸಿ ಸುತ್ತುವುದು, ತಲೆ ಮೇಲಿಂದ ಬೀಸಿ ತರುವುದು, ಒಡಪು (ಕುಣಿತದ ನಡುವೆ ಹೇಳುವ ವೀರಭದ್ರನ ಪದ) ಹೇಳುವಾಗ ಕುಣಿತ ಗಕ್ಕನೆ ನಿಲ್ಲಿಸಿ ಕತ್ತಿಯನ್ನು ಮೇಲೆತ್ತಿ ಹಿಡಿಯುವುದು. ಅವರು ನೋಡಿದ್ದು ಕೋಲನ್ನಲ್ಲ, ನನ್ನ ಮುಂಗೈಯನ್ನು. ಬೀಸಿದ ಕತ್ತಿಯನ್ನು ತಟ್ಟನೆ ನಿಲ್ಲಿಸುವಾಗಲೇ ಕೈ ಸೋಲುವುದು ಅಂತ ಅವರಿಗೆ ಕೂಡಲೇ ಗೊತ್ತಾಯಿತು. ಈ ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕತ್ತಿ ಮಾಡುವವರಿಗೆ ಕತ್ತಿಯ ಚಿತ್ರ ತೋರಿಸುವುದಕ್ಕಿಂತ ಕತ್ತಿ ಹಿಡಿಯುವ ಕೈಯ ಕೆಲಸ ತೋರಿಸಬೇಕು. ಉದ್ದ, ಅಗಲ, ತೂಕ ಎಲ್ಲವೂ ಅಲ್ಲಿಂದಲೇ ಬರುತ್ತದೆ.

ಆಮೇಲೆ ಅವರು ಮಾಡಿದ್ದು ನನಗೆ ತುಂಬಾ ಹಿಡಿಸಿತು. ಕೊಟ್ಟಿಗೆ ಪಕ್ಕ ಬಿದ್ದಿದ್ದ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಒಂದನ್ನು ಸೀಳಿ, ಕತ್ತಿಯ ಆಕಾರಕ್ಕೆ ಕೆತ್ತಿದರು. ಸೈಕಲ್ ಟ್ಯೂಬನ್ನು ಉಂಗುರ ಉಂಗುರವಾಗಿ ಕತ್ತರಿಸಿ, ಅದರಲ್ಲಿ ಸಣ್ಣ ಸಣ್ಣ ಕಬ್ಬಿಣದ ತುಂಡುಗಳನ್ನು ದಬ್ಬೆಗೆ ಬಿಗಿದರು. ತುಂಡನ್ನು ತುದಿಯ ಕಡೆಗೆ ಸರಿಸಿ ಬೀಸು ಅನ್ನುವುದು, ಹಿಡಿಯ ಕಡೆಗೆ ಸರಿಸಿ ಬೀಸು ಅನ್ನುವುದು. ಒಟ್ಟು ತೂಕ ಅಷ್ಟೇ ಇದ್ದರೂ ತುದಿಯ ಹತ್ತಿರ ಒಂದು ಸಣ್ಣ ತುಂಡು ಹೋದರೆ ಕೈಗೆ ಎಷ್ಟು ಭಾರ ಆಗುತ್ತದೆ ಅಂತ ಹಿಡಿದು ನೋಡಿದರೇ ಗೊತ್ತಾಗುವುದು. ಕೊನೆಗೆ ತೂಕದ ನಡುಬಿಂದು ಹಿಡಿಯ ಅಡ್ಡಪಟ್ಟಿಯಿಂದ ಮುಂದಕ್ಕೆ ನಾಲ್ಕು ಬೆರಳು ದೂರದಲ್ಲಿ ಇರಬೇಕು ಅಂತ ಆಯಿತು. ಅಲಗಿನ ಉದ್ದ 28 ಇಂಚು. ಒಟ್ಟು ತೂಕ ಒಂದು ಕಿಲೋ ದಾಟಬಾರದು. ದಬ್ಬೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಗೋಡೆಗೆ ಒರಗಿಸಿಟ್ಟರು. ಅದೇ ನಮ್ಮ ನಕ್ಷೆ.

ಹಿಡಿಯ ಕಡೆ ತೂಕ ಸೇರಿಸಿ ಸರಿದೂಗಿಸಬಹುದಲ್ವಾ ಅಂತ ಕೇಳಿದೆ. ಸೇರಿಸಬಹುದು, ಆದರೆ ಒಟ್ಟು ಭಾರ ಏರುತ್ತದೆ, ಅರ್ಧ ಗಂಟೆ ಕುಣಿದರೆ ಭುಜ ಹಿಡಿದುಕೊಳ್ಳುತ್ತದೆ. ಮೊದಲು ತುದಿಯಲ್ಲಿ ಇಳಿಸಬೇಕು, ಅದಾಗದಿದ್ದರೆ ಮಾತ್ರ ಬುಡದಲ್ಲಿ ಏರಿಸಬೇಕು ಅಂದರು.

ಆಕಾರಕ್ಕೆ ನಾನು ಕಲ್ಲುಗಳನ್ನು ನೋಡಿಕೊಂಡು ಬಂದೆ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆ ಆವರಣದಲ್ಲಿ ವೀರಗಲ್ಲುಗಳಿವೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲೂ ಒಳ್ಳೊಳ್ಳೆಯವು ಇವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಎದುರು ಅವನು ಕೂತಿರುವುದು. ಕತ್ತಿ ನೋಡಬೇಕಾದರೆ ಕೆಳಗಿನ ಪಟ್ಟಿಗೇ ಬಗ್ಗಿ ನೋಡಬೇಕು. ವೀರಭದ್ರನ ಮೂರ್ತಿಗಳಲ್ಲಂತೂ ಬಲಗೈಯಲ್ಲಿ ಕತ್ತಿ ಇದ್ದೇ ಇರುತ್ತದೆ, ಪಕ್ಕದಲ್ಲಿ ಆಡಿನ ತಲೆಯ ದಕ್ಷ. ಕೆಳದಿಯ ವೀರಭದ್ರ ಗುಡಿಗೂ ಹೋಗಿ ಬಂದೆ. ಅಲ್ಲಿ ಎಲ್ಲರೂ ತಲೆಯೆತ್ತಿ ಗಂಡಭೇರುಂಡ ನೋಡುತ್ತಾರೆ, ನನಗೆ ಅವತ್ತು ಕತ್ತಿಯದ್ದೇ ಧ್ಯಾನ. ನೇರ ಅಲಗು, ತುದಿಗೆ ಬರುತ್ತಾ ನಿಧಾನಕ್ಕೆ ಕಿರಿದಾಗುವುದು, ಕೊನೆಯಲ್ಲಿ ದುಂಡು ಮೂತಿ, ಹೀಗೆ ಕಾಗದದಲ್ಲಿ ಗೀಚಿಕೊಂಡು ಬಂದು ಕೊಟ್ಟೆ. ಆಚಾರ್ರು ಒಪ್ಪಿದರು. ಅಲಗಿನ ಮಧ್ಯೆ ಉದ್ದಕ್ಕೆ ಕಾಲುವೆ ತೆಗೆಯಬೇಕಾ ಅಂತ ಚರ್ಚೆ ಆಯಿತು. ರಕ್ತ ಹರಿಯಲಿಕ್ಕೆ ಆ ಕಾಲುವೆ ಅಂತ ಎಷ್ಟೋ ಜನ ನಂಬಿದ್ದಾರೆ. ನಿಜವಾಗಿ ಅದು ಅಲಗಿನ ಬಿಗಿ ಹೆಚ್ಚು ಕಳೆಯದೆ ತೂಕ ಇಳಿಸುವ ಉಪಾಯ. ನಮ್ಮ ಅಲಗು ತೆಳುವೇ ಇರುವುದರಿಂದ ಬೇಡ ಅಂದುಕೊಂಡೆವು.

ಉಕ್ಕಿಗೆ ಶಿವಮೊಗ್ಗದ ಗುಜರಿಗೆ ಹೋದೆ. ಕಮಾನು ಪಟ್ಟಿ ಅಂದರೆ ಗಾಡಿಯ ಭಾರ ಹೊರುವ, ಸ್ಪ್ರಿಂಗ್ ಉಕ್ಕಿನ ಬಾಗಿದ ಪಟ್ಟಿ. ಲಾರಿಯದ್ದು ತುಂಬಾ ದಪ್ಪ, ತುಂಬಾ ಅಗಲ. ಕೈಯಲ್ಲಿ ತಟ್ಟಿ ಇಳಿಸುವಷ್ಟರಲ್ಲಿ ಇದ್ದಿಲೂ ಹೋಗುತ್ತದೆ, ತೋಳೂ ಹೋಗುತ್ತದೆ. ಹಳೇ ಜೀಪಿನದ್ದು ಸರಿಯಾಗಿ ಸಿಕ್ಕಿತು, ಎರಡು ಇಂಚಿಗೆ ಸ್ವಲ್ಪ ಕಡಿಮೆ ಅಗಲ, ಆರು ಮಿಲಿಮೀಟರ್ ದಪ್ಪ. ಮಲೆನಾಡಿನಲ್ಲಿ ಹಳೇ ಜೀಪಿಗೇನು ಬರವಿಲ್ಲ. ತಗೊಳ್ಳುವಾಗ ಎರಡು ವಿಷಯ ನೋಡಿ. ಪಟ್ಟಿಯ ನಡುವೆ ಬೋಲ್ಟಿನ ತೂತು ಇರುತ್ತದೆ, ಅದು ಅಲಗಿನೊಳಗೆ ಬರಲೇಬಾರದು. ತೂತಿನಿಂದ ತುದಿಗೆ ಒಂದೂವರೆ ಅಡಿ ಚಿಲ್ಲರೆ ಸಿಗುತ್ತದೆ, ಕಾಸಿ ತಟ್ಟಿದರೆ ತೆಳುವಾಗುತ್ತಾ ಉದ್ದ ಬರುತ್ತದೆ, ಹಾಗಾಗಿ ಆ ಅರ್ಧವೇ ಸಾಕು. ಎರಡನೆಯದು ಬಿರುಕು. ವರ್ಷಗಟ್ಟಲೆ ಘಾಟಿ ರಸ್ತೆಯಲ್ಲಿ ಬಾಗಿ ಬಾಗಿ ಒಳಗೆ ಸಣ್ಣ ಬಿರುಕು ಬಿಟ್ಟಿರಬಹುದು, ಬರಿಗಣ್ಣಿಗೆ ಕಾಣುವುದಿಲ್ಲ. ತುಕ್ಕು ಉಜ್ಜಿ ತೆಗೆದು, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಮೇಲೆ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗಿದ್ದ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ನಾನು ತಂದ ಪಟ್ಟಿಗಳಲ್ಲಿ ಒಂದರಲ್ಲಿ ಅಂಥ ಗೆರೆ ಬಂತು, ಅದನ್ನು ಆಚಾರ್ರು ಗುದ್ದಲಿ ಕೆಲಸಕ್ಕೆ ಇಟ್ಟುಕೊಂಡರು.

ತಟ್ಟುವ ಕೆಲಸ ಅವರ ಮಗ ಸಮ್ಮಟಿಗೆ ಹಿಡಿದು, ಅವರು ಇಕ್ಕಳ ಹಿಡಿದು ಮಾಡಿದರು. ನನ್ನ ಪಾಲಿಗೆ ಬ್ಲೋವರ್ ತಿರುಗಿಸುವುದು. ಮೊದಲು ಪಟ್ಟಿಯ ಕಮಾನು ಬಾಗು ತೆಗೆದು ನೆಟ್ಟಗೆ ಮಾಡಿ, ಆಮೇಲೆ ಹಿಡಿಯೊಳಗೆ ಹೋಗುವ ಬಾಲ ಎಳೆದರು. ಬಾಲ ಬೇರೆ ಸರಳಲ್ಲ, ಅಲಗಿನದೇ ಮುಂದುವರಿಕೆ, ಮುಕ್ಕಾಲು ಇಂಚು ಅಗಲ, ಐದು ಇಂಚು ಉದ್ದ. ಅಲಗಿನಿಂದ ಬಾಲಕ್ಕೆ ತಿರುಗುವ ಜಾಗದಲ್ಲಿ ಚೂಪು ಮೂಲೆ ಬಿಡದೆ ದುಂಡಗೆ ಮಾಡಿದರು. ಮೂಲೆ ಇದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬುಡದಲ್ಲಿ ಆರು ಮಿಲಿಮೀಟರ್ ದಪ್ಪ ಇದ್ದದ್ದು ತುದಿಯಲ್ಲಿ ಮೂರಕ್ಕೆ ಇಳಿಯಬೇಕು. ಕಬ್ಬಿಣ ಕಿತ್ತಳೆ ಬಣ್ಣಕ್ಕೆ ಬಂದಾಗ ತಟ್ಟುವುದು, ಮಂಕು ಕೆಂಪಾದ ಕೂಡಲೇ ಮತ್ತೆ ಬೆಂಕಿಗೆ. ತಣ್ಣಗಾದ ಮೇಲೆ ತಟ್ಟಿದರೆ ಒಡೆಯುತ್ತದೆ. ಜಾಸ್ತಿ ಕಾದರೂ ಕಷ್ಟ, ಕಬ್ಬಿಣದಿಂದಲೇ ಕಿಡಿ ಹಾರಲು ಶುರುವಾದರೆ ಆ ಜಾಗ ಸುಟ್ಟು ಹೋಯಿತು ಅಂತಲೇ ಲೆಕ್ಕ. ಆಗಾಗ ದಬ್ಬೆಯ ಪಕ್ಕ ಹಿಡಿದು ನೋಡುವುದು, ಮತ್ತೆ ಕಾಸುವುದು.

ಆಕಾರ ಬಂದ ಮೇಲೆ ಅಲಗನ್ನು ಕೆಂಪಗೆ ಕಾಸಿ ಗಾಳಿಯಲ್ಲಿ ತಾನಾಗಿ ತಣಿಯಲು ಬಿಟ್ಟರು. ಹೀಗೆ ಮೂರು ಸಲ. ತಟ್ಟುವಾಗ ಒಳಗೆ ಸೇರಿಕೊಂಡ ಬಿಗುವು ಇದರಿಂದ ಬಿಡುತ್ತದೆ, ಆಮೇಲೆ ಎಣ್ಣೆಗೆ ಇಳಿಸಿದಾಗ ಸೊಟ್ಟಗಾಗುವುದು ಕಡಿಮೆ. ಕೊನೆಯ ಸಲ ಕಾಸಿ ಬೂದಿಯಲ್ಲಿ ಹೂತು ಮಾರನೇ ದಿನ ತೆಗೆದಾಗ ಅರ ಹಾಕುವಷ್ಟು ಮೆತ್ತಗಾಗಿತ್ತು. ಅರ ಹಾಕುವ ಕೆಲಸ ನಾನೇ ಮಾಡಿದೆ.

ಹದ ಹಾಕುವಾಗ, ಅಂದರೆ ಅಲಗನ್ನು ಕಾಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವಾಗ, ನಿಜವಾದ ಸಮಸ್ಯೆ ಬಂತು. ಊರ ಕುಲುಮೆಯ ಬೆಂಕಿ ಒಂದು ಮೊಳಕ್ಕಿಂತ ಉದ್ದ ಇರುವುದಿಲ್ಲ, ಕುಡುಗೋಲಿಗೆ ಅದು ಧಾರಾಳ. 28 ಇಂಚಿನ ಅಲಗು ಪೂರ್ತಿ ಒಂದೇ ಸಮ ಕಾಯಬೇಕು. ಇಲ್ಲದಿದ್ದರೆ ಅರ್ಧ ಗಟ್ಟಿ, ಅರ್ಧ ಮೆತ್ತಗೆ. ಹಾಗಾಗಿ ಕುಲುಮೆಯ ಹೊರಗೆ ಮೂರೂವರೆ ಅಡಿ ಉದ್ದ, ಒಂದು ಗೇಣು ಅಗಲದ ಚರಂಡಿಯಂಥ ಗುಂಡಿ ತೋಡಿದೆವು. ಅದರ ತಳದಲ್ಲಿ ಕಬ್ಬಿಣದ ಪೈಪು. ಪೈಪಿನ ಮೇಲ್ಭಾಗಕ್ಕೆ ಒಂದೊಂದು ಇಂಚಿಗೆ ತೂತು ಕೊರೆದು, ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಬ್ಲೋವರ್ ಕಟ್ಟಿದೆವು. ಪೈಪು ಕರಿ ಕಬ್ಬಿಣದ್ದೇ ಇರಲಿ, ಜಿಐ ಪೈಪ್ ಬೇಡ, ಅದರ ಸತುವು ಸುಟ್ಟು ಬರುವ ಹೊಗೆ ಒಳ್ಳೆಯದಲ್ಲ. ಮೇಲೆ ತೆಂಗಿನ ಚಿಪ್ಪಿನ ಇದ್ದಿಲು. ಇದನ್ನೆಲ್ಲ ಮಳೆ ಹಿಡಿಯುವ ಮೊದಲೇ ಮುಗಿಸಬೇಕು, ಜೂನ್ ಬಂದರೆ ಗುಂಡಿಯಲ್ಲಿ ನೀರೇ ನಿಲ್ಲುವುದು.

ಎಣ್ಣೆಗೆ ಮೂರು ಅಡಿ ಉದ್ದದ, ನಾಲ್ಕು ಇಂಚಿನ ಕಬ್ಬಿಣದ ಪೈಪಿಗೆ ತಳ ವೆಲ್ಡಿಂಗ್ ಮಾಡಿಸಿ ನೆಲದಲ್ಲಿ ನೆಟ್ಟೆವು. ಏಳು ಲೀಟರ್ ಹತ್ತಿರ ಹಿಡಿಯಿತು. ಪ್ಲಾಸ್ಟಿಕ್ ಪೈಪ್ ಯೋಚನೆ ಮಾಡಲೇಬೇಡಿ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಸುಮ್ನೆ ಸಿಗುತ್ತದೆ, ಆದರೆ ಅದರ ಹೊಗೆ ವಿಷ, ನಾವು ಪಾಮ್ ಎಣ್ಣೆ ಹಾಕಿದೆವು. ಒಂದು ಕಬ್ಬಿಣದ ತುಂಡು ಕಾಸಿ ಅದರಲ್ಲಿ ಅದ್ದಿ ಎಣ್ಣೆಯನ್ನು ಕೈಗೆ ಬಿಸಿ ತಾಗುವಷ್ಟು ಮಾಡಿಕೊಂಡೆವು. ತಣ್ಣಗಿನ ಎಣ್ಣೆ ಮಂದ, ಅಲಗಿನ ಬಿಸಿಯನ್ನು ಬೇಗ ಎಳೆದುಕೊಳ್ಳುವುದಿಲ್ಲ. ನೀರಿಗೆ ಹಾಕಿದರೆ ಈ ಉಕ್ಕು ಬಿರುಕು ಬಿಡುವ ಸಂಭವ ಜಾಸ್ತಿ.

ಮುಸ್ಸಂಜೆಗೆ ಬೆಂಕಿ ಹಾಕಿದೆವು. ಬಿಸಿಲಿನಲ್ಲಿ ಕೆಂಪಿನ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಆಚಾರ್ರು ಅಲಗನ್ನು ಇದ್ದಿಲೊಳಗೆ ಹಿಂದೆ ಮುಂದೆ ಎಳೆಯುತ್ತಲೇ ಇದ್ದರು, ಒಂದು ಕಡೆಯೂ ನಿಲ್ಲಿಸಲಿಲ್ಲ. ನಾನು ಕೋಲಿನ ತುದಿಗೆ ತಂತಿಯಲ್ಲಿ ಕಟ್ಟಿದ ಅಯಸ್ಕಾಂತ ಮುಟ್ಟಿಸಿ ನೋಡುತ್ತಿದ್ದೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕಿಗೆ ಅಯಸ್ಕಾಂತ ಹಿಡಿಯುವುದಿಲ್ಲ. ಬುಡ, ನಡು, ತುದಿ ಮೂರೂ ಕಡೆ ಹಿಡಿಯದೆ ಜಾರಿದ ಮೇಲೆ ಅವರು ಇನ್ನೂ ಸ್ವಲ್ಪ ಬಣ್ಣ ಏರಲು ಬಿಟ್ಟು, ಎತ್ತಿ, ತುದಿ ಕೆಳಗೆ ಮಾಡಿ, ನೆಟ್ಟಗೆ ಎಣ್ಣೆಗೆ ಇಳಿಸಿದರು. ಎಣ್ಣೆಯ ಬಾಯಲ್ಲಿ ಬೆಂಕಿ ಭಗ್ಗನೆ ಎದ್ದಿತು. ಅಲಗನ್ನು ಮೇಲೆ ಕೆಳಗೆ ಮಾತ್ರ ಆಡಿಸಿದರು, ಪಕ್ಕಕ್ಕೆ ಅಲ್ಲಾಡಿಸಿದರೆ ಬಾಗುತ್ತದೆ. ಪಕ್ಕದಲ್ಲಿ ಒದ್ದೆ ಗೋಣಿಚೀಲ, ಮರಳು ಇಟ್ಟುಕೊಂಡೇ ಈ ಕೆಲಸಕ್ಕೆ ನಿಲ್ಲಬೇಕು, ಉರಿಯುವ ಎಣ್ಣೆಗೆ ನೀರು ಹಾಕಬಾರದು.

ಹೊರಗೆ ತೆಗೆದಾಗ ತುದಿಯ ಕಡೆ ಒಂದಿಷ್ಟು ಸೊಟ್ಟ ಬಂದಿತ್ತು. "ಹಲಗೆ ತಾ, ಬೇಗ!" ಅಂದರು. ಎರಡು ಹಲಗೆಯ ನಡುವೆ ಇಟ್ಟು ನಾನು, ಅವರ ಮಗ ಇಬ್ಬರೂ ಮೇಲೆ ನಿಂತೆವು. ಎಣ್ಣೆಯಿಂದ ಎದ್ದ ಅಲಗು ಪೂರ್ತಿ ತಣಿಯುವವರೆಗೆ ಸ್ವಲ್ಪ ಹೊತ್ತು ಮಾತು ಕೇಳುತ್ತದೆ, ಆಮೇಲೆ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ತಣಿದ ಮೇಲೆ ಅರ ಎಳೆದರೆ ಕಚ್ಚಲಿಲ್ಲ, ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಅಂದರೆ ಗಟ್ಟಿಯಾಗಿದೆ.

ಗಟ್ಟಿಯಾದದ್ದನ್ನು ಹಾಗೇ ಬಿಟ್ಟರೆ ಬೀಳಿಸಿದರೂ ಮುರಿದೀತು. ಅವತ್ತು ರಾತ್ರಿಯೇ ಮತ್ತೆ ಹಗುರವಾಗಿ ಕಾಸಿ ಆ ಪೆಡಸು ಇಳಿಸಬೇಕು, ನಾಳೆಗೆ ಬಿಡಬಾರದು. ಅಲಗನ್ನು ಒಂದು ಕಡೆ ಬಿಳಿಯಾಗಿ ಉಜ್ಜಿ, ಕೆಂಡ ಹರವಿದ ಗುಂಡಿಯ ಮೇಲೆ ಎತ್ತರದಲ್ಲಿ ಹಿಡಿದು ನಿಧಾನಕ್ಕೆ ಕಾಸಿದರು. ಉಜ್ಜಿದ ಜಾಗದಲ್ಲಿ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಸುಮಾರು 300 ಡಿಗ್ರಿಗೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಹರಿತ ನಿಲ್ಲುವ ಚಾಕು ಆಗುತ್ತದೆ. ನಮಗೆ ಬೇಕಾದದ್ದು ಬಾಗಿ ಬರುವ ಅಲಗು, ಹಾಗಾಗಿ ನೀಲಿಗೇ ತಂದರು. ಒಂದು ಕಡೆ ಬಣ್ಣ ಮುಂದೆ ಓಡಿದರೆ ಆ ಕಡೆಯನ್ನು ಎತ್ತಿ ಹಿಡಿಯುವುದು, ಹಿಂದೆ ಬಿದ್ದ ಕಡೆಯನ್ನು ಕೆಂಡಕ್ಕೆ ತಗ್ಗಿಸುವುದು. ಆ ಕೈಗಳು ಮಾಡಿದ್ದನ್ನು ಎಷ್ಟು ಬರೆದರೂ ಕಡಿಮೆಯೇ. ಇದನ್ನೂ ಎರಡು ಸಲ ಮಾಡಿದರು.

ಪರೀಕ್ಷೆಗೆ ತುದಿಯನ್ನು ಮರದ ದಿಮ್ಮಿಗೆ ಒತ್ತಿ ಬಗ್ಗಿಸಿದರು. ನಡುಭಾಗ ಒಂದು ಗೇಣಿನಷ್ಟು ಬಾಗಿ, ಬಿಟ್ಟ ಕೂಡಲೇ ನೆಟ್ಟಗಾಯಿತು. ಅಲಗಿನ ಚಪ್ಪಟೆ ಭಾಗದಿಂದ ದಿಮ್ಮಿಗೆ ಬಡಿದು ನೋಡಿದರು. ಬಡಿಯುವಾಗ ಎದುರಿಗೆ ಯಾರೂ ನಿಲ್ಲಬಾರದು.

ಈಗ ಹಿಡಿ. ನಮ್ಮ ದೇಶದ ಹಳೇ ಕತ್ತಿಗಳಲ್ಲಿ ಬಾಲವನ್ನು ಹಿಡಿಯೊಳಗೆ ಅರಗು ಹಾಕಿ ಕೂರಿಸುವುದು ರೂಢಿ. ಒಳ್ಳೆಯ ಕ್ರಮವೇ, ಕಾಸಿದರೆ ಬಿಚ್ಚಿ ರಿಪೇರಿ ಮಾಡಬಹುದು. ಆದರೆ ಜನರ ನಡುವೆ ಬೀಸುವ ಕತ್ತಿಗೆ ಅರಗೊಂದನ್ನೇ ನಂಬಲು ನನಗೆ ಮನಸ್ಸಿರಲಿಲ್ಲ, ಆಚಾರ್ರಿಗೂ ಇರಲಿಲ್ಲ. ಹದ ಹಾಕುವ ಮೊದಲೇ ಬಾಲಕ್ಕೆ ಎರಡು ತೂತು ಕೊರೆದಿದ್ದರು. ಗಟ್ಟಿಯಾದ ಮೇಲೆ ಡ್ರಿಲ್ ಹಿಡಿಯುವುದಿಲ್ಲ. ಹಳೇ ಮನೆ ಕೆಡವಿದಾಗ ಉಳಿದ ಬೀಟೆಯ ಚೌಕಟ್ಟಿನ ತುಂಡು ನಮ್ಮಲ್ಲಿತ್ತು, ಎಷ್ಟೋ ವರ್ಷ ಒಣಗಿದ ಮರ, ಇನ್ನು ಬಿರಿಯುವ ಭಯ ಇಲ್ಲ. ಅದನ್ನು ಎರಡು ಹೋಳು ಮಾಡಿ, ಬಾಲ ಕೂರುವಷ್ಟು ಒಳಗೆ ಕೆತ್ತಿ, ಸಂದಿಗೆ ಅರಗು ತುಂಬಿ, ಎರಡು ಹಿತ್ತಾಳೆ ರಿವೆಟ್ ಬಡಿದರು. ಬಾಲದ ತುದಿ ಹಿತ್ತಾಳೆಯ ಗುಂಡನ್ನು ತೂರಿ ಹೊರಬಂದಿತ್ತು, ಅದನ್ನೂ ತಟ್ಟಿ ಅಗಲ ಮಾಡಿದರು. ಹೀಗೆ ಮೂರು ಕಡೆ ಹಿಡಿತ. ಗುಂಡಿಗೆ ಗೆಜ್ಜೆ ಕಟ್ಟಲು ಸಣ್ಣ ಬಳೆ. ಹಿಡಿಗೆ ಹತ್ತಿಯ ಹುರಿ ಬಿಗಿಯಾಗಿ ಸುತ್ತಿದೆ, ಬೆವರಿದ ಕೈ ಜಾರಬಾರದು ಅಂತ.

ಕ್ರೋಮ್ ಪಾಲಿಶ್ ಹಾಕಿಸಿ, ಫಳಫಳ ಅನ್ನುತ್ತದೆ ಅಂತ ತಂಡದ ಹುಡುಗರ ಆಸೆ. ನಾನು ಒಪ್ಪಲಿಲ್ಲ. ಗಟ್ಟಿ ಮಾಡಿದ ಸ್ಪ್ರಿಂಗ್ ಉಕ್ಕಿಗೆ ಹಾಗೆ ಲೇಪ ಹಾಕುವಾಗ ಜಲಜನಕ ಒಳಗೆ ಸೇರಿ ಉಕ್ಕು ಪೆಡಸಾಗುವ ಅಪಾಯ ಇದೆ, ಆಮೇಲೆ ಸೂಚನೆ ಕೊಡದೆ ಮುರಿಯಬಹುದು. ಬರೀ ಎಮರಿ ಪೇಪರ್ 80, 120, 220, 400 ಅಂತ ಏರಿಸುತ್ತಾ ಉಜ್ಜಿದೆವು. ಮಂದವಾದ ಬಿಳಿ ಹೊಳಪು ಬಂತು, ದೀಪದ ಬೆಳಕಿನಲ್ಲಿ ಅದೇ ಚೆಂದ.

ತೂಗಿದರೆ 880 ಗ್ರಾಂ. ನಡುಬಿಂದು ದಬ್ಬೆಯ ಗುರುತಿಗಿಂತ ಅರ್ಧ ಬೆರಳು ಮುಂದೆ ಬಂದಿತ್ತು, ತುದಿಯ ಹತ್ತಿರ ಇನ್ನಷ್ಟು ಉಜ್ಜಿ ಸರಿ ಮಾಡಿಕೊಂಡೆವು. ಉಜ್ಜುವಾಗ ಬಿಸಿಯಾಗದ ಹಾಗೆ ಆಗಾಗ ನೀರಲ್ಲಿ ಅದ್ದಬೇಕು, ಬಣ್ಣ ತಿರುಗಿದರೆ ಹಾಕಿದ ಹದ ಹೋಯಿತು. ಉಕ್ಕು, ಇದ್ದಿಲು, ಎಣ್ಣೆ, ಹಿತ್ತಾಳೆ ಸೇರಿ ಎರಡು ಸಾವಿರದ ಒಳಗೆ ಆಯಿತು, ಆಚಾರ್ರಿಗೆ ಐದು ಸಾವಿರ ಕೊಟ್ಟೆವು. ಅಂಗಡಿಯಲ್ಲಿ ಇದರ ಅರ್ಧ ದುಡ್ಡಿಗೂ ಕತ್ತಿ ಸಿಗುತ್ತದೆ ಅನ್ನುವವರಿದ್ದಾರೆ. ಕಲಿತ ಕೈಗೆ ಕೊಡುವ ಕೂಲಿಯಲ್ಲಿ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ, ಇಂಥ ಕುಲುಮೆಗಳು ಉಳಿಯಬೇಕಾದರೆ ಕೆಲಸ ಕೊಡಬೇಕು, ಸರಿಯಾಗಿ ದುಡ್ಡೂ ಕೊಡಬೇಕು.

ಶ್ರಾವಣ ಪೂರ್ತಿ ಇದನ್ನೇ ಹಿಡಿದು ಕುಣಿದೆ. ಮಣಿಕಟ್ಟು ನೋಯಲಿಲ್ಲ, ಎತ್ತಿದ ಕತ್ತಿ ಎತ್ತಿದಲ್ಲೇ ನಿಲ್ಲುತ್ತದೆ, ಒಡಪಿನ ಮೇಲೆ ಗಮನ ಇಡಬಹುದು. ತೊಂದರೆ ಬಂದದ್ದು ನಿಂಬೆಹಣ್ಣಿನಿಂದ. ತುದಿಗೆ ಸಿಕ್ಕಿಸಿದ ನಿಂಬೆಯ ರಸ ಇಳಿದ ಕಡೆಯೆಲ್ಲ ಅಲಗು ಕಪ್ಪಾಯಿತು, ಹುಳಿ ಉಕ್ಕನ್ನು ತಿನ್ನುತ್ತದೆ. ಈಗ ಕುಣಿತ ಮುಗಿದ ಕೂಡಲೇ ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಆಮೇಲೆ ಹೊಲಿಗೆ ಯಂತ್ರದ ಎಣ್ಣೆ. ಕುಂಕುಮ, ವಿಭೂತಿ ಅಂಟಿಕೊಂಡು ಹಾಗೇ ಇದ್ದರೂ ತೇವ ಹಿಡಿದು ತುಕ್ಕು ಬರುತ್ತದೆ. ನಮ್ಮ ಮಳೆಗಾಲದಲ್ಲಿ ಚರ್ಮದ ಒರೆಯಲ್ಲಿ ಇಡಲೇಬೇಡಿ, ಒಳಗೆ ಬೆವರಿದ ಹಾಗೆ ಆಗಿ ಒಂದೇ ವಾರದಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಎಣ್ಣೆ ಬಟ್ಟೆ ಸುತ್ತಿ, ಒಲೆ ಇರುವ ಕೋಣೆಯ ಅಟ್ಟದಲ್ಲಿ ಇಡಿ. ಪ್ರತಿ ಕುಣಿತಕ್ಕೆ ಮುಂಚೆ ಹಿಡಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ರಿವೆಟ್ ಮೇಲೆ ಬೆರಳು ಆಡಿಸಿ ನೋಡಿ, ಸಣ್ಣ ಸದ್ದು ಬಂದರೂ ಆ ದಿನ ಅದನ್ನು ಹಿಡಿಯಬೇಡಿ.